ಗುಳ್ಳೆ ನಿಂತ ದಿನ

ಬೆಳಿಗ್ಗೆ ಮನೆಯ ಸ್ಟೋರ್‌ರೂಮಿನ ಬಾಗಿಲು ತೆರೆದ ಗ್ರಂಥಾಲಯದ ಗುಮಾಸ್ತ "ಅಯ್ಯೋ, ನಿಂತೇಹೋಯ್ತು!" ಎಂದು ಚೀರಿದ. ಹೆಂಡತಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದಳು.

ನಿಂತದ್ದು ಗುಳ್ಳೆ. ಬಕೆಟ್ಟಿನಲ್ಲಿ ಬಿಯರ್ ಹುದುಗಲು ಇಟ್ಟು ಎರಡು ವಾರವಾಗಿತ್ತು. ಮುಚ್ಚಳದ ನಳಿಕೆಯಲ್ಲಿ ಏಳುವ ಗುಳ್ಳೆಗಳನ್ನು ದಿನಕ್ಕೆರಡು ಸಲ ಎಣಿಸಿ ಅವನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ನಿನ್ನೆ ಇದ್ದಕ್ಕಿದ್ದಂತೆ ಚಳಿ ಬಿತ್ತು. ಇವತ್ತು ಗುಳ್ಳೆ ಸೊನ್ನೆ.

"ಚಳಿಗೆ ಯೀಸ್ಟ್ ನಿದ್ದೆ ಹೋಗ್ಬಿಟ್ಟಿದೆ ಕಣೇ! ಪುಸ್ತಕದಲ್ಲಿ ಹಾಗೇ ಇದೆ."

ಆ ಪುಸ್ತಕವೋ, ಗ್ರಂಥಾಲಯದಲ್ಲಿ ಬೈಂಡಿಂಗಿಗೆಂದು ತೆಗೆದಿಟ್ಟದ್ದು. ಚಳಿಯಿಂದಾಗುವ ಅನಾಹುತಗಳ ಅಧ್ಯಾಯದವರೆಗೆ ಹಾಳೆಗಳಿದ್ದವು, ಮುಂದಿನವು ಕಿತ್ತುಹೋಗಿದ್ದವು.

"ಒಳ್ಳೇದೇ ಆಯ್ತು ಬಿಡಿ. ಸಂಜೆ ಅಪ್ಪ ಬರ್ತಾರೆ, ರುಚಿ ನೋಡಿ ಥೂ ಅಂತಾರೆ. ನಾಳೆ ಇಲ್ಲಿಗೆ ನನ್ನ ಹೊಲಿಗೆ ಮೆಷಿನ್ ಬರತ್ತೆ."

ಒಪ್ಪಂದ ಹಾಗೇ ಇತ್ತು. ಬೇಸಿಗೆಯಲ್ಲಿ ಅಡುಗೆಮನೆಯಲ್ಲಿ ಮಾಡಿದ ಎರಡು ಬಕೆಟ್ ಬಿಯರ್ ಕೆಟ್ಟು ನಾರಿದ ಮೇಲೆ, ಕೊನೆಯ ಅವಕಾಶವೆಂದು ಹೆಂಡತಿ ಸ್ಟೋರ್‌ರೂಮ್ ಬಿಟ್ಟುಕೊಟ್ಟಿದ್ದಳು. ಬಿಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಮಾವ ಮೆಚ್ಚಿದರೆ ಕೋಣೆ ಅವನದು, ಇಲ್ಲದಿದ್ದರೆ ಮೆಷಿನ್ನಿನದು. ಇಡೀ ಮನೆಯಲ್ಲಿ ಯಾರೂ ಕೂಗಿ ಕೆಲಸ ಹೇಳದ ಜಾಗ ಅದೊಂದೇ. ಗುಮಾಸ್ತನಿಗೆ ನಿಜಕ್ಕೂ ಅಳು ಬಂತು. ಆಫೀಸಿಗೆ ರಜೆ ಹಾಕಿದ.

ಅವನ ಚೀರಾಟ ಕೇಳಿ ಪಕ್ಕದ ಮನೆಯ ನಿವೃತ್ತ ನರ್ಸ್ ಬಂದರು. ಬಕೆಟ್ಟನ್ನು ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದರು.

"ಮೈಯೆಲ್ಲಾ ಐಸ್ ಆಗಿದೆ. ಕೈಕಾಲಾದ್ರೂ ಇದ್ದಿದ್ರೆ ಉಜ್ಜಬಹುದಿತ್ತು."

ಎರಡು ಕಂಬಳಿ ಸುತ್ತಿ, ಮುಚ್ಚಳಕ್ಕೆ ತಮ್ಮ ಉಣ್ಣೆ ಟೋಪಿ ತೊಡಿಸಿದರು. ಗಂಟೆ ಕಳೆದರೂ ಗುಳ್ಳೆ ಏಳಲಿಲ್ಲ. ಅಷ್ಟರಲ್ಲಿ ಮೇಲಿನ ಮನೆಯ ಎಲೆಕ್ಟ್ರಿಷಿಯನ್ ಎರಡು ಹೀಟರ್ ಹೊತ್ತು ತಂದ.

"ಕಂಬಳಿಗೆಲ್ಲಾ ಬಗ್ಗೋ ಕೇಸಲ್ಲ ಸಾರ್ ಇದು. ನನಗೆ ಬಿಡಿ."

ಬಿಟ್ಟರು. ಎರಡನ್ನೂ ಒಟ್ಟಿಗೆ ಹಾಕಿದ. ಠಪ್ ಎಂದು ಇಡೀ ಕಟ್ಟಡದ ಕರೆಂಟು ಹೋಯಿತು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಸಂಗೀತದ ಮೇಷ್ಟ್ರು ಸ್ವಲ್ಪ ಹೊತ್ತು ಸಹಾಯಕ್ಕೆ ಕೂಗಿದರು; ಆಮೇಲೆ ಹೇಗೂ ಬಿಡುವಾಯಿತೆಂದು ಅಭ್ಯಾಸಕ್ಕೆ ಕೂತರು. ಮೆಟ್ಟಿಲ ತುಂಬ ಜನ ನೆರೆದು ಗುಮಾಸ್ತನಿಗೆ ಶಾಪ ಹಾಕತೊಡಗಿದರು.

ಬೇರೆ ದಾರಿ ಕಾಣದೆ ಗುಮಾಸ್ತ ಸ್ಟೋರ್‌ರೂಮ್ ಸೇರಿ, ಕಂಬಳಿಯೊಳಗೆ ತೂರಿ ಬಕೆಟ್ಟನ್ನು ಅಪ್ಪಿಕೊಂಡು ಕೂತ. ಸಂಜೆ ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿ ಬಂದ ಮಾವನಿಗೆ ಮೊದಲು ಕಂಡದ್ದು ಈ ದೃಶ್ಯವೇ.

"ಅಳಿಯಂದಿರೇ, ನನ್ನ ಮಗಳು ಊರಲ್ಲಿಲ್ವಾ?"

ಗುಮಾಸ್ತ ತಡವರಿಸುತ್ತ ಎಲ್ಲ ಹೇಳಿದ. ಮಾವ ಹಣೆ ಚಚ್ಚಿಕೊಂಡರು.

"ನಿದ್ದೆ ಅಲ್ಲ, ಅದರ ಕೆಲಸ ಮುಗಿದಿದೆ! ಸಕ್ಕರೆ ಎಲ್ಲಾ ತಿಂದಾದ್ಮೇಲೆ ಗುಳ್ಳೆ ಎಲ್ಲಿಂದ ಬರ್ಬೇಕು? ಈ ಹಂತದಲ್ಲಿ ಚಳಿ ಬೀಳೋದೇ ಒಳ್ಳೇದು. ಯೀಸ್ಟ್ ತಳಕ್ಕೆ ಕೂತು ಬಿಯರ್ ತಿಳಿಯಾಗತ್ತೆ. ಕರೆಂಟ್ ಹೋಗಿದ್ದಕ್ಕೆ ಬಚಾವಾಯ್ತು."

ಒಂದು ಲೋಟ ಬಗ್ಗಿಸಿಕೊಂಡು ಕುಡಿದರು. ಕಣ್ಣು ಮುಚ್ಚಿದರು. ಗುಮಾಸ್ತ ಕಂಬಳಿಯೊಳಗಿಂದ ಇಣುಕಿದ.

"ಮೂವತ್ತು ವರ್ಷದಲ್ಲಿ ಇಂಥದ್ದು ಕುಡಿದಿಲ್ಲ!"

"ಹಾಗಾದ್ರೆ ಕೋಣೆ ನಂದೇ!" ಎಂದು ಗುಮಾಸ್ತ ಕಂಬಳಿ ಸಮೇತ ಕುಣಿದ.

ಮಾವ ಗೋಡೆಯನ್ನು ಪ್ರೀತಿಯಿಂದ ಸವರಿದರು. "ಕಿಟಕಿ ಇಲ್ಲ, ಬಿಸಿಲಿಲ್ಲ, ಆಹಾ! ಇದು ನಿಮ್ಮ ಕೈಗುಣ ಅಲ್ಲ ಅಳಿಯಂದಿರೇ, ಕೋಣೆ ಗುಣ. ಇಂಥ ಕೋಣೇನ ನಿಮ್ಮ ಕೈಗೆ ಕೊಟ್ರೆ ಹಾಳು ಮಾಡ್ತೀರಿ. ನಾಳೆಯಿಂದ ನಾನೇ ಇಲ್ಲಿ ಇರ್ತೀನಿ."

"ಮತ್ತೆ ನನ್ನ ಮೆಷಿನ್ ಅಪ್ಪಾ?" ಎಂದಳು ಮಗಳು.

"ನಿಮ್ಮ ರೂಮಲ್ಲೇ ಹಾಕ್ಕೊಳ್ಳಮ್ಮ. ಅಳಿಯಂದಿರು ಹಾಲಲ್ಲಿ ಮಲಗ್ತಾರೆ."

ಗುಮಾಸ್ತ ಕಂಬಳಿ ಮಡಚಿಟ್ಟ. ಹೋಗಲಿ, ತಾನು ಮಾಡಿದ್ದನ್ನು ಒಂದು ಗುಟುಕಾದರೂ ಕುಡಿಯೋಣವೆಂದು ಲೋಟಕ್ಕೆ ಕೈಚಾಚಿದ. ಟೋಪಿ ಒಯ್ಯಲು ಬಂದಿದ್ದ ನರ್ಸ್ ಆ ಕೈಯನ್ನು ಹಿಡಿದು ನಾಡಿ ನೋಡಿದರು.

"ಬೆಳಿಗ್ಗೆಯಿಂದ ಚಳೀಲಿ ಕೂತಿದ್ದೀರಿ. ತಣ್ಣಗಿರೋದು ಏನೂ ಮುಟ್ಟಬೇಡಿ, ಬಿಸಿನೀರು ಕುಡೀರಿ."