ಕಾಲಿಗೆ ನೀರು ಕೊಡುವ ಊರು

ನಮ್ಮ ಮಾಮಾನನ್ನು ನಂಬಿ ಚಿಕ್ಕೋಡಿ ಬಸ್ ಸ್ಟ್ಯಾಂಡಿಗೆ ಮಾತ್ರ ಹೋಗಬೇಡಿ. ನಿಪ್ಪಾಣಿಗೆ ಹೊರಟವರನ್ನು ಅಥಣಿ ಬಸ್ಸಿಗೆ ಹತ್ತಿಸಿ, ಕಿಟಕಿಯ ಸೀಟನ್ನೂ ಹಿಡಿದುಕೊಟ್ಟು, ಕೈಬೀಸಿ ಕಳಿಸಿಯಾರು! ಆದರೆ ಕೊರಿಯಾ ದೇಶದ ಬುಸಾನ್ ಎಂಬ ಮಹಾನಗರಕ್ಕೆ ಹೋಗುವುದಿದ್ದರೆ ಕಣ್ಣು ಮುಚ್ಚಿಕೊಂಡು ಅವರ ಬೆನ್ನು ಹತ್ತಬಹುದು. ಸ್ಟೇಷನ್ನಿನಲ್ಲಿ ಗಂಟುಮೂಟೆ ಎಲ್ಲಿಡಬೇಕು, ಸಮುದ್ರಕ್ಕೆ ಯಾವ ರೈಲು ಹತ್ತಬೇಕು, ಎಲ್ಲ ಬಾಯಿಪಾಠ. ಹೋಗಿಬಂದಿದ್ದಾರೆಯೇ ಎಂದಿರಾ? ತಮ್ಮೂರು ಐನಾಪುರ ಬಿಟ್ಟು ಅವರು ಕಂಡ ಅತಿ ದೂರದ ಊರು ಕೊಲ್ಹಾಪುರ. ಅದೂ ಮದುವೆಯ ಜವಳಿಗೆ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಕಬ್ಬು, ಎರಡು ಎಮ್ಮೆ, ಮಾಮಿ, ಮಗ, ಸೊಸೆ, ಗದ್ದಲದ ಮನೆ. ಎಮ್ಮೆಗೆ ಹಾಕುವ ಹಿಂಡಿಯ ಬೆಲೆ ನೋಡಿಕೊಳ್ಳಲಿ ಎಂದು ಮಗ ಮೊಬೈಲ್ ಕೊಡಿಸಿದ. ಇವರು ಬೆರಳು ತಪ್ಪಿ ಬೇರಾವುದೋ ವಿಡಿಯೋ ಒತ್ತಿ ಬುಸಾನಿಗೆ ಹೋಗಿಬಿಟ್ಟರು. ಇನ್ನೂ ವಾಪಸು ಬಂದಿಲ್ಲ ನೋಡಿ!

ಒಮ್ಮೆ ಕಾಗವಾಡದ ಬಸ್ಸಿನಲ್ಲಿ ಕಂಡಕ್ಟರನಿಗೇ ಬುದ್ಧಿ ಹೇಳಿದರು: "ಅಲ್ಲಿ ಮಾಳಿಗಿ ಬಸ್ ಐತ್ರಿ. ಒಂದ ತಿಕೀಟ ತಗದ್ರ ದಿನಾಪೂರ್ತಿ ಬೇಕಾದಲ್ಲಿ ಇಳೀಬಹುದು, ಮತ್ತ ಹತ್ತಬಹುದು."

"ಇಳಿಯೂದು ಇಲ್ಲಿಂದನ ಚಾಲೂ ಮಾಡ್ರಿ," ಎಂದ ಆತ. "ನಿಮ್ಮ ಊರು ಹಿಂದ ಉಳೀತು."

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆಯಾದ್ದರಿಂದ ಅಲ್ಲಿ ಸಂಜೆ ಬಲು ಉದ್ದ. ಮಾಮಾ ಕಟ್ಟೆಗೆ ಕೂತು, ಕಣ್ಣು ಅರೆಮುಚ್ಚಿ ಶುರು ಮಾಡುತ್ತಾರೆ. ಗುಡ್ಡದ ತುಂಬ ಬಣ್ಣಬಣ್ಣದ ಪುಟ್ಟ ಮನೆಗಳು. ಸಮುದ್ರದ ಮೇಲೆ ತಂತಿಗೆ ಜೋತು ತೇಲುವ ತೊಟ್ಟಿಲುಗಳು. ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ನೀರು. ಎಲ್ಲಿಂದಲೋ ಬೆಲ್ಲ ಕಾಯಿಸುವ ವಾಸನೆ ಬರುತ್ತಿರುತ್ತದೆ. ಕೇಳುತ್ತ ಕೇಳುತ್ತ ನನ್ನ ಕಣ್ಣೂ ಜೋತು, ಎದುರಿನ ಕಬ್ಬಿನಾಚೆ ದೀಪ ಹಚ್ಚಿದ ಉದ್ದನೆಯ ಸೇತುವೆಯೊಂದು ಕಾಣತೊಡಗುತ್ತದೆ. ಅಷ್ಟರಲ್ಲಿ ಮಾಮಿ, "ಅಷ್ಟ ಮ್ಯಾಲಿಂದ ಚಪ್ಪಲಿ ಬಿದ್ರ ಯಾರ ತಂದ ಕೊಡ್ತಾರ್ರಿ?" ಎನ್ನುತ್ತಾರೆ. ಸೇತುವೆ ಮಾಯ!

ಬುಸಾನಿನಲ್ಲಿ ದೊಡ್ಡದೊಂದು ಮೀನಿನ ಪೇಟೆಯಿದೆಯಂತೆ. ನಮ್ಮಂಥವರು ಏನು ಮಾಡಬೇಕು? "ಹಿಂದಿನ ಓಣಿ ಹಿಡದ ಹೋಗೂಣು," ಎಂದು ಮಾಮಾ ಅದಕ್ಕೂ ದಾರಿ ಹುಡುಕಿಟ್ಟಿದ್ದಾರೆ. ಭಾಷೆ ಬಾರದಿದ್ದರೆ ಫೋನ್ ಹಚ್ಚಬೇಕು. ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ತಿಳಿಸಿ ಹೇಳುವವರು ಇರುತ್ತಾರಂತೆ.

"ಅಂಥಾ ಫೋನ ನನಗೊಂದು ಕೊಡಸ್ರಿ," ಎಂದರು ಮಾಮಿ. "ಇಷ್ಟ ವರ್ಷ ನೀವು ಏನ ಮಾತಾಡಾಕತ್ತೀರಿ ಅಂತ ತಿಳೀಲಿ!"

ಒಂದು ದಿನ ಮಾಮಾ ಹೊಲದಿಂದ ಮಾಮಿಯ ಹತ್ತಿರ ಓಡೋಡಿ ಬಂದರು. "ಕೇಳಿದ್ಯೇನ! ಅಲ್ಲಿ ಬಿಸಿನೀರಿನ ಬುಗ್ಗಿ ಅದಾವು. ರಸ್ತಾದ ಬಾಜೂಕ ಕುಂಡ್ರಾಕ ಕಟ್ಟಿ ಕಟ್ಸಿ, ಬಂದವ್ರ ಕಾಲಿಗೆ ಬಿಸಿನೀರ ಬಿಟ್ಟಾರ. ಪುಕ್ಕಟ! ಅವ್ರು ನಮ್ಮ ಬೀಗರ ಪೈಕಿನ!" ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಇಷ್ಟು ಮರ್ಯಾದೆ ತಿಳಿದ ಊರಿಗೆ ಹೋಗದೆ ಇರುವುದುಂಟೇ? ಕಬ್ಬು ಕಾರ್ಖಾನೆಗೆ ಸಾಗಿದ ಕೂಡಲೇ ಇಬ್ಬರೂ ಹೊರಡುವುದೆಂದು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದರು. ಫೋಟೋದಲ್ಲಿ ಮಾಮಿ ಗಾಬರಿಯಾಗಿದ್ದರು, ಮಾಮಾ ಆಗಲೇ ಬುಸಾನಿನಲ್ಲಿದ್ದರು.

ಹೊರಡಲಾಗಲಿಲ್ಲ. ಮಾಮಿಯ ಹಳೆಯ ಕೀಲುನೋವು ಕಾಲಿಗಿಳಿಯಿತು. ಕಾಲ್ಬೆರಳುಗಳು ಸೊಟ್ಟಗಾದವು, ಅಂಗಳ ದಾಟುವುದೇ ಕಷ್ಟವಾಯಿತು. ಅಷ್ಟು ದೂರದ ಮಾತು ಬಿಡಿ, ದಿನಾ ಬಿಸಿನೀರಿನಲ್ಲಿ ಕಾಲಿಟ್ಟು ತಿಕ್ಕಿಸಿಕೊಳ್ಳಿ ಎಂದರು ಡಾಕ್ಟರು. ಮಾಮಿ ಕೇಳಬೇಕಲ್ಲ! ಸೊಸೆ ನೀರು ಕಾಯಿಸಿ ತಂದರೆ ಸೀರೆಯ ಅಂಚನ್ನು ಕಾಲ ಮೇಲೆಳೆದುಕೊಂಡು, "ಬ್ಯಾಡವ್ವಾ, ಏನ ಚಂದ ಅದಾವಂತ ತೋರಸ್ಲಿ?" ಎನ್ನುತ್ತಿದ್ದರು. ಜೀವನವಿಡೀ ಬಂದವರ ಕಾಲಿಗೆ ನೀರು ಕೊಟ್ಟವರಿಗೆ ತಮ್ಮ ಕಾಲು ಮುಂದೆ ಚಾಚಲು ನಾಚಿಕೆ. ನೋವು ಬೆಳೆಯುತ್ತಲೇ ಇತ್ತು. ಮಾಮಾ ಬುಸಾನಿನ ಮಾತನ್ನೇ ಬಿಟ್ಟರು.

ಹೋದ ತಿಂಗಳು ನಾನು ಹೋದಾಗ, ಎಮ್ಮೆಗೆ ನೀರಿಡಲು ತಂದ ಹೊಸ ಬಾನಿ ಕಟ್ಟೆಯ ಕೆಳಗೆ ಕೂತು ಹಬೆಯಾಡುತ್ತಿತ್ತು. ಎಮ್ಮೆ ಸಿಟ್ಟಾಗಿ ಅತ್ತ ಮುಖ ಮಾಡಿ ನಿಂತಿತ್ತು. ಎದುರಿನ ಕಬ್ಬು ಸೂಲಂಗಿ ಹೂ ಬಿಟ್ಟು ಬೆಳ್ಳಗಾಗಿ, ಗಾಳಿಗೆ ತೆರೆತೆರೆಯಾಗಿ ನಮ್ಮ ಕಡೆಗೇ ಬರುವಂತಿತ್ತು. ಮಾಮಾ ನೆಲಕ್ಕೆ ಕೂತು, ಕಟ್ಟೆಯ ಮೇಲಿದ್ದ ಮಾಮಿಯ ಕಾಲಿಗೆ ಕೈಚಾಚಿದರು.

"ಅಯ್ಯ, ಬಿಡ್ರಿ! ಗಂಡಾದವ್ರು ಹೆಂಡತಿ ಕಾಲ ಹಿಡಿಯೂದಂದ್ರ! ಗುರ್ತದವ್ರು ನೋಡಿದ್ರ ಏನಂದಾರು?"

ಮಾಮಾ ಸುತ್ತ ನೋಡಿದರು. ಬಾಗಿಲಲ್ಲಿ ಸೊಸೆ, ಕಟ್ಟೆಯ ತುದಿಗೆ ನಾನು, ರಸ್ತೆಯಲ್ಲಿ ದನ ಹೊಡೆದುಕೊಂಡು ಬಂದು ಬಾಯಿಬಿಟ್ಟು ನಿಂತ ಪಕ್ಕದ ಮನೆಯಾತ.

"ಇಲ್ಲಿ ನಮ್ಮ ಗುರ್ತದವ್ರು ಯಾರ ಅದಾರ?" ಎಂದರು. "ಇದು ಬುಸಾನ."

ಮಾಮಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ, ಗುರುತೇ ಇಲ್ಲದವರನ್ನು ನೋಡುವಂತೆ ನೋಡಿದರು. ಆಮೇಲೆ ಸೀರೆಯ ಅಂಚು ಎತ್ತಿ, ಎರಡೂ ಕಾಲನ್ನು ಮೆಲ್ಲಗೆ ನೀರಿಗೆ ಇಳಿಬಿಟ್ಟರು.