ಚಿಟ್ಟೆಗೆ ಕುಡಿಮೀಸೆ

“ಇದೇನ್ರೀ ಇದು?”

“ಮೀಸೆ.”

“ಚಿಟ್ಟೆಗೆ?”

“ಕುಡಿಮೀಸೆ. ನೀನೇ ಬರೆದಿಟ್ಟಿದ್ದು.”

ಏಕನಾಥರು ಫ್ರಿಜ್ಜಿನ ಬಾಗಿಲಿನಿಂದ ಚೀಟಿ ಕಿತ್ತು ತಂದು ಹೆಂಡತಿಯ ಮುಂದೆ ಹಿಡಿದರು. ಸಚಿವಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ಮನುಷ್ಯ. ಕೈಯಲ್ಲೊಂದು ಕಾಗದವಿದ್ದರೆ ಯಾರಿಗೂ ಹೆದರುವವರಲ್ಲ. ಚೀಟಿಯ ಮೇಲೆ ವಿಮಲಾರದೇ ಅಕ್ಷರ: ‘ಚಿಟ್ಟೆಗೆ ಕುಡಿಮೀಸೆ ಬಾಕಿ. ಕಪ್ಪು ದಾರ. ಎರಡೆಳೆ.’

ಮೂರು ತಿಂಗಳಿಂದ ವಿಮಲಾ ದೊಡ್ಡ ಮರದ ಬಳೆಯಂಥ ಹೂಪಿಗೆ ಬಿಳಿ ಬಟ್ಟೆ ಬಿಗಿದು, ಬಣ್ಣಬಣ್ಣದ ಹೂಗಳ ನಡುವೆ ಒಂದು ಚಿಟ್ಟೆಯನ್ನು ಕಸೂತಿ ಹಾಕುತ್ತಿದ್ದರು. ಕನ್ನಡ ಬಳಗದ ಸ್ಪರ್ಧೆಗೆ. ಹಿಂದಿನ ನಾಲ್ಕು ವರ್ಷವೂ ಸಮಾಧಾನಕರ ಬಹುಮಾನವೆಂದು ಸ್ಟೀಲ್ ಡಬ್ಬಿ ತಂದು, ಅದರ ತುಂಬ ಅಸಮಾಧಾನವನ್ನೇ ತುಂಬಿಟ್ಟಿದ್ದರು. ಈ ಸಲ ಮೊದಲನೆಯದೇ ಬೇಕು. ಇನ್ನೇನು ಮುಗಿಯಿತೆನ್ನುವಾಗ ಈಳಿಗೆಮಣೆ ಹೆಬ್ಬೆರಳು ಕುಯ್ದಿತು. ಹಳೆಯ ಕರವಸ್ತ್ರದ ಮೇಲೆ ಗಂಡನಿಗೆ ಹೊಲಿಗೆ ಹೇಳಿಕೊಟ್ಟು, ಚೀಟಿ ಅಂಟಿಸಿ, ಎರಡು ದಿನಕ್ಕೆಂದು ಫರೀದಾಬಾದಿನ ತಂಗಿಯ ಮನೆಗೆ ಹೋಗಿದ್ದವರು ಈಗಷ್ಟೇ ಲೋಧಿ ಕಾಲೋನಿಯ ಮನೆಗೆ ಮರಳಿದ್ದರು.

“ಕುಡಿಮೀಸೆ ಅಂದ್ರೆ ಹುಳಗಳ ತಲೆ ಮೇಲೆ ಎರಡು ಕಡ್ಡಿ ಇರತ್ತಲ್ಲ, ಅದು ಕಣ್ರೀ! ಪೆನ್ಸಿಲ್‌ನಲ್ಲಿ ಗೆರೆ ಬೇರೆ ಹಾಕಿದ್ದೆ!”

“ಗೆರೆ ತಲೆ ಮೇಲಿತ್ತು. ಮೀಸೆ ಎಲ್ಲಾದ್ರೂ ತಲೆ ಮೇಲೆ ಬೆಳೆಯತ್ತಾ? ಡ್ರಾಫ್ಟ್ ತಪ್ಪಿದೆ ಅಂತ ಅಳಿಸಿ ಕೆಳಗೆ ತಂದೆ.”

“ಒಂದು ಫೋನ್ ಮಾಡಿ ಕೇಳಬಾರದಿತ್ತಾ?”

“ಲಿಖಿತ ಆದೇಶ ಇದ್ದ ಮೇಲೆ ಮೌಖಿಕವಾಗಿ ಪ್ರಶ್ನಿಸೋದು ಅವಿಧೇಯತೆ.”

“ಇಷ್ಟು ವರ್ಷ ಇಲ್ಲದ ವಿಧೇಯತೆ ನನ್ನ ಚಿಟ್ಟೆ ಮೇಲೇ ಬರಬೇಕಿತ್ತಾ?”

“ನಾನು ಕಾನ್ವೆಂಟ್‌ನಲ್ಲಿ ಓದಿದವನು ವಿಮಲಾ. ಆಂಟೆನಾ ಅಂತ ಬರೆದಿದ್ರೆ...”

“ಡಿಶ್ ಹೊಲಿದು ಕೂರಿಸ್ತಿದ್ರಿ!”

ವಿಮಲಾ ಹೂಪನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಡುಗಪ್ಪು ಮೀಸೆ ಚಿಟ್ಟೆಯ ಎರಡೂ ಬದಿಯ ರೆಕ್ಕೆಗಳ ಮೇಲೆ ಕೈಚಾಚಿ, ತುದಿ ಮೇಲೆತ್ತಿ ಮೆರೆಯುತ್ತಿತ್ತು.

“ಎರಡೆಳೆ ಅಂದಿದ್ದೆ. ಇದೆಷ್ಟು?”

“ಆರು. ಎರಡೆಳೇಲಿ ಹತ್ತನೇ ಕ್ಲಾಸ್ ಹುಡುಗನ ಮೀಸೆ ಥರ ಕಾಣ್ತಿತ್ತು.”

“ತಲೆಗಿಂತ ಮೀಸೆನೇ ದೊಡ್ಡದಾಗಿದೆ!”

“ನಮ್ಮ ಡೈರೆಕ್ಟರಿಗೂ ಹಾಗೇ ಇದೆ. ಈವರೆಗೆ ಯಾರೂ ಆಕ್ಷೇಪಣೆ ಎತ್ತಿಲ್ಲ.”

“ಬಿಚ್ಚಿ ಅದನ್ನ.”

“ಬಿಚ್ಚಿದ್ರೆ ಬಟ್ಟೆ ತೂತಾಗತ್ತೆ. ಫೈಲು ಹೊಲಿಯೋ ಹಾಗೆ ಎರಡೆರಡು ಸಲ ಬಿಗಿದಿದ್ದೀನಿ. ಬೇಜಾರು ಮಾಡ್ಕೋಬೇಡ, ಹೂಪ್ ಹೋದ್ರೂ ಹೋಪ್ ಇರಲಿ.”

ವಿಮಲಾ ಕತ್ತರಿ ಎತ್ತಿಕೊಂಡರು. ಏಕನಾಥರ ಕೈ ತಾನಾಗಿಯೇ ಅವರ ಸ್ವಂತ ಮೀಸೆಯನ್ನು ಮುಚ್ಚಿಕೊಂಡಿತು. ಅಷ್ಟರಲ್ಲಿ ಕರೆಗಂಟೆ ಮೊಳಗಿತು. ಬಂದವರು ಬಳಗದ ಕಾರ್ಯದರ್ಶಿ ರತ್ನಮ್ಮ. ಮನೆಮನೆಗೆ ಹೋಗಿ ಸ್ಪರ್ಧೆಯ ಕಸೂತಿಗಳನ್ನು ಕೂಡಿಸುತ್ತಿದ್ದರು.

“ಚಲೋ ಚಲೋ, ಆಟೋ ಭಯ್ಯಾ ಕೆಳಗೆ ಗೊಣಗ್ತಿದ್ದಾನೆ. ಎಲ್ಲಿ ವಿಮಲಾ ನಿಂದು?”

ಬಚ್ಚಿಡುವುದಕ್ಕೂ ಹೊತ್ತು ಸಿಗಲಿಲ್ಲ. ರತ್ನಮ್ಮ ಹೂಪನ್ನು ಕಸಿದುಕೊಂಡು ಕನ್ನಡಕ ಏರಿಸಿದರು.

“ಅಚ್ಛಾ! ಈ ಮೀಸೆ ಯಾರದು?”

“ನನ್ನದೇ,” ಎಂದು ಏಕನಾಥರು ಮೂಗಿನ ಕೆಳಗೆ ಬೆರಳಿಟ್ಟರು.

“ನಿಮ್ಮ ಮುಖದ್ದಲ್ಲಪ್ಪಾ, ಬಟ್ಟೇದು!”

“ಅದೂ ಇವರದೇ,” ಎಂದರು ವಿಮಲಾ, ನೆಲ ನೋಡುತ್ತ ಮೆಲ್ಲಗೆ.

ರತ್ನಮ್ಮ ಹೂಪು ತಿರುವಿ ಬೆನ್ನು ನೋಡಿದರು. “ಒಂದು ಗಂಟೂ ಕಾಣಲ್ವಲ್ಲ! ಏಕನಾಥ್, ಈ ವರ್ಷ ಪುರುಷರ ವಿಭಾಗ ಶುರು ಮಾಡಿದ್ವಿ, ಒಬ್ಬ ಗಂಡಸೂ ಸೂಜಿ ಮುಟ್ಟಿಲ್ಲ. ಇದನ್ನ ನಿಮ್ಮ ಹೆಸರಲ್ಲೇ ಬರ್ಕೊಳ್ಳಲಾ? ಫಸ್ಟ್ ಪ್ರೈಜ್ ಪಕ್ಕಾ.”

ಅಪರಾಧಿಯ ಕಟಕಟೆಯಿಂದ ಏಕನಾಥರು ನೇರವಾಗಿ ಸಿಂಹಾಸನಕ್ಕೇರಿದರು.

“ಬರ್ಕೊಳ್ಳಿ. ಏಕನಾಥ. ‘ನಾ’ ದೀರ್ಘ.”

“ರೀ! ಹನ್ನೊಂದು ಹೂವು, ನಾಲ್ಕು ರೆಕ್ಕೆ, ಎಲ್ಲಾ ನಾನು ಹೊಲಿದಿದ್ದು!”

“ಗೊತ್ತು ಕಣೇ,” ಎಂದರು ರತ್ನಮ್ಮ. “ಬಳಗ ಹುಟ್ಟಿದಾಗಿಂದ ಹೀಗೇ ತಾನೇ? ಕೆಲಸ ಸೀರೇದು, ಹೆಸರು ಮೀಸೇದು.” ಪೆನ್ನಿನ ಮುಚ್ಚಳ ತೆಗೆದು ‘ಏಕನಾಥ’ ಎಂದು ಬರೆದುಕೊಂಡರು. “ಒಂದು ಮಾತು ಏಕನಾಥ್. ಗೆದ್ದವರು ವೇದಿಕೆ ಮೇಲೆ ಕೂತು ಅರ್ಧ ಗಂಟೆ ಹೊಲಿದು ತೋರಿಸಬೇಕು. ಹೂವು, ರೆಕ್ಕೆ, ಸಭಿಕರು ಏನು ಕೇಳಿದ್ರೂ.”

“ಮೀಸೆ ಕೇಳಲ್ವಾ?”

“ಯಾರು ಕೇಳ್ತಾರೆ ಮೀಸೆ?”

ಏಕನಾಥರ ಕಣ್ಣ ಮುಂದೆ ಸಭೆ ತೆರೆದುಕೊಂಡಿತು. ಕೈಯಲ್ಲಿ ಸಮೋಸಾ ಹಿಡಿದ ಇಡೀ ಬಳಗ, ಮೊದಲ ಸಾಲಿನಲ್ಲಿ ಕನ್ನಡದವರೇ ಆದ ಡೈರೆಕ್ಟರು, ವೇದಿಕೆಯ ಮೇಲೆ ಸೂಜಿಯ ಕಣ್ಣು ಹುಡುಕುತ್ತಿರುವ ತಾವು.

“ರತ್ನಮ್ಮನೋರೇ, ಆ ಹೆಸರು ಹೊಡೆದುಹಾಕಿ. ಕಡತ ಪೂರ್ತಿ ಇವಳದು. ನಂದು ಬರೀ ಕೊನೇ ಸಹಿ.”

“‘ನಾ’ ದೀರ್ಘ?” ಎಂದರು ವಿಮಲಾ.

“ಅದನ್ನೂ ಹೊಡೆದುಹಾಕಿ!”

ರತ್ನಮ್ಮ ‘ವಿಮಲಾ, ಮಹಿಳಾ ವಿಭಾಗ’ ಎಂದು ಬರೆದುಕೊಂಡರು. “ನಿಂಗೆ ವೇದಿಕೆ ಭಯ ಇಲ್ವಲ್ಲ?”

“ಭಯ ಯಾಕೆ? ಸಮಾರಂಭಕ್ಕೆ ಇನ್ನೂ ಇಪ್ಪತ್ತು ದಿನ ಇದೆ. ಬೆರಳು ಮಾಯ್ದಿರತ್ತೆ.”

“ಹಾಗಾದ್ರೆ ನಿಂಗೆ ಅಂತ ಬೆರಳು ಮಾಯೋವರೆಗೆ ಟೈಮ್ ಕೊಡ್ತೀನಿ. ಆ ಮೀಸೆ ಬಿಚ್ಚಿಸಿ, ತೂತಾದ ಕಡೆ ಒಂದು ಹೂವು ಕೂರಿಸಿಬಿಡು.”

ಏಕನಾಥರು ತಪ್ಪಿತಸ್ಥನಂತೆ ತಾವೇ ಕತ್ತರಿ ತಂದು ಹೆಂಡತಿಯ ಮುಂದೆ ಹಿಡಿದರು. ವಿಮಲಾ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಇರಲಿ ಬಿಡಿ ರತ್ನಮ್ಮನೋರೇ. ಗೆದ್ದ ಮೇಲೆ ತಿರುವೋಕೆ ನಂಗೂ ಒಂದು ಮೀಸೆ ಬೇಕಲ್ಲ!”