ಸಿರೇನಾ ಬಂದಾಗ ಬಾಗಿಲು ತೆಗೆಯಬಾರದು

ಇನ್ನು ಮುಂದೆ ನಮ್ಮ ಬ್ಯಾಂಡಿನಲ್ಲಿ ಎರಡು ಗಿಟಾರಿನ ಕೆಲಸವನ್ನು ಒಂದೇ ಗಿಟಾರು ಮಾಡತಕ್ಕದ್ದು, ಅಂಥ ಗಿಟಾರನ್ನು ಆರಿಸುವ ಯೋಗ್ಯತೆ ಇಡೀ ಲಿಮಾ ನಗರದಲ್ಲಿ ನನ್ನೊಬ್ಬನಿಗೆ ಮಾತ್ರ ಇರತಕ್ಕದ್ದು ಎಂದು ನಾನು ಊಟದ ಮೇಜಿನ ಮುಂದೆ ಎದ್ದುನಿಂತು ಘೋಷಿಸಿದೆ. ಘೋಷಣೆ ಕೇಳಲು ಇದ್ದವಳು ನನ್ನ ಹೆಂಡತಿ ಎರ್ಲಿಂದಾ ಒಬ್ಬಳೇ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಮೊದಲು ಕೂತ್ಕೋ ಫ್ರೊಯ್ಲಾನ್, ಸೂಪ್ ಆರ್ತಿದೆ" ಎಂದಳು. ನಾನು ಕೂತೆ. ಆದರೆ ನಿರ್ಧಾರ ನಿಂತೇ ಇತ್ತು.

ನಮ್ಮದು ಚಿಚಾ ಬ್ಯಾಂಡು, ಬೆಟ್ಟದ ಹಾಡನ್ನು ಕರೆಂಟಿನ ಗಿಟಾರಿನಲ್ಲಿ ಕುಣಿಸುವ ಸಂಗೀತ. ಬೆಟ್ಟದೂರುಗಳಿಂದ ಇಳಿದುಬಂದು ಈ ಧೂಳುಗುಡ್ಡದ ಮೇಲೆ ಮನೆ ಕಟ್ಟಿಕೊಂಡವರ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆಲ್ಲ ನಾವೇ. ಹಾಡುವವಳು ಎರ್ಲಿಂದಾ. ಬಾಸ್ ನುಡಿಸುವವನು ಅವಳ ತಮ್ಮ ವಿಲ್ಬೆರ್. ತಾಳಕ್ಕೆ ಅರ್ತೇಮಿಯೊ. ಚಿಚಾದಲ್ಲಿ ಗಿಟಾರು ಎರಡಿರಬೇಕು. ಹಾಡುಗಾರ್ತಿ ಬಾಯಿ ತೆರೆಯುವ ಮೊದಲೇ ಇಡೀ ಕಥೆಯನ್ನು ಕಣ್ಣೀರು ಬರುವಂತೆ ಹೇಳಿಬಿಡುವುದು ಮೊದಲನೇ ಗಿಟಾರು. ಅದರ ಬೆನ್ನಿಗೆ ನಿಂತು ಚಕ-ಚಕ, ಚಕ-ಚಕ ಎಂದು ಹೌದಪ್ಪ ಹೌದು ಹಾಕುವುದು ಎರಡನೇ ಗಿಟಾರು. ಮೊದಲನೆಯದನ್ನು ನುಡಿಸುತ್ತಿದ್ದವರು ನನ್ನ ಮಾವ ಡೊನ್ ಸತುರ್ನಿನೊ. ಎರಡನೆಯದು ನಾನು. ಮದುವೆಯಾದ ದಿನದಿಂದ ನಾನು ಚಕ-ಚಕ ಎನ್ನುತ್ತಲೇ ಬಂದಿದ್ದೆ, ಬ್ಯಾಂಡಿನಲ್ಲೂ ಮನೆಯಲ್ಲೂ.

ಈ ವರ್ಷದ ಚಳಿಯಲ್ಲಿ ಮಾವ ತೀರಿಕೊಂಡರು. ಅವರ ಗಿಟಾರನ್ನು ಅವರ ಎದೆಯ ಮೇಲಿಟ್ಟೇ ಮಣ್ಣು ಮಾಡಿದೆವು. ಅದು ಎರ್ಲಿಂದಾಳ ತೀರ್ಮಾನ.

ಈಗ ನವೆಂಬರ್ ಒಂದನೇ ತಾರೀಕು ಬರುತ್ತಿತ್ತು. ಸತ್ತವರು ಮನೆಯವರನ್ನು ನೋಡಲು ಬರುವ ದಿನ. ಗುಡ್ಡದ ಜನವೆಲ್ಲ ಊಟ, ಬಿಯರು, ಹೂವು ಹೊತ್ತು ಸ್ಮಶಾನ ಹತ್ತುತ್ತಾರೆ, ತಮ್ಮ ತಮ್ಮವರಿಗೆ ಇಷ್ಟವಾದ ಹಾಡನ್ನು ಸಮಾಧಿಯ ಮುಂದೆ ನುಡಿಸುತ್ತಾರೆ. ಮಾವನಿಗೆ ಇದು ಮೊದಲನೇ ವರ್ಷ. ಅವರೇ ಕಟ್ಟಿದ ಒಂದು ಹಾಡಿತ್ತು. ಅದರ ಶುರುವಿನಲ್ಲಿ ಬರುವ ಗಿಟಾರಿನ ರಾಗ ಕೇಳಿದರೆ ನಮ್ಮ ಗುಡ್ಡದ ನಾಯಿಗಳೂ ಸುಮ್ಮನಾಗುತ್ತಿದ್ದವು. ಮಣ್ಣು ಮಾಡಿದ ದಿನದಿಂದ ಎರ್ಲಿಂದಾ ಯಾರ ಮುಂದೆಯೂ ಅತ್ತಿರಲಿಲ್ಲ. ಅವಳು ಕೇಳಿದ್ದು ಒಂದೇ.

"ಆ ದಿನ ಅಪ್ಪನ ರಾಗ ಅಪ್ಪನ ಕಿವಿಗೆ ಬೀಳ್ಬೇಕು. ಅಷ್ಟು ಮಾಡು ಸಾಕು."

ಅಷ್ಟು ಮಾತ್ರ ಏಕೆ, ಅದಕ್ಕಿಂತ ಹೆಚ್ಚೇ ಮಾಡುತ್ತೇನೆ ಎಂದು ನಾನು ಅಂಗಡಿಗೆ ಹೊರಟೆ. ಬ್ಯಾಂಡಿಗೆ ಈಗ ಇರುವವನು ನಾನೊಬ್ಬನೇ ಗಿಟಾರಿಸ್ಟ್. ರಾಗವೂ ನನ್ನದೇ, ಸೋಲೋ ನನ್ನದೇ. ಸೋಲೋ ಎಂಬ ಮಾತಿನ ಒಳಗೇ ಸೋಲು ಕಾಲು ಚಾಚಿ ಕೂತಿದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ವಿಲ್ಬೆರ್ ಜೊತೆಗೆ ಬಂದ. ಪೇಟೆಯಲ್ಲಿ ವಾದ್ಯದ ಅಂಗಡಿಗಳದ್ದೇ ಒಂದು ಓಣಿ ಇದೆ. ಅಂಗಡಿಯವನು ಯಾವ ತರದ್ದು ಬೇಕು ಎಂದು ಕೇಳಿದ್ದೇ ತಪ್ಪಾಯಿತು; ಅವನಿಗೆ ನಾನು ಉಪನ್ಯಾಸವನ್ನೇ ಕೊಟ್ಟೆ. ಇಬ್ಬರು ಗಿಟಾರಿಸ್ಟರಿರುವ ಬ್ಯಾಂಡಿನಲ್ಲಿ ಒಂದೊಂದು ಗಿಟಾರಿಗೂ ಒಂದೊಂದು ಐಬಿದ್ದರೆ ನಡೆಯುತ್ತದೆ, ಒಬ್ಬನೇ ಇರುವವನ ಗಿಟಾರಿಗೆ ಐಬಿರುವ ಹಕ್ಕಿಲ್ಲ ಎಂದೆ. ಅದು ಅಳಬೇಕು, ಕುಣಿಯಬೇಕು, ತೆಳ್ಳಗೆ ಕೂಗಬೇಕು, ದಪ್ಪಗೆ ಗುನುಗಬೇಕು, ಬೇಕಾದಾಗ ಬಾಯಿ ಮುಚ್ಚಿಕೊಳ್ಳಬೇಕು ಎಂದೆ. ಇಷ್ಟೆಲ್ಲ ಗುಣವಿರುವ ಹುಡುಗಿಯನ್ನು ತನ್ನ ಮಗನಿಗೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ ಎಂದು ಅಂಗಡಿಯವನು ಹೇಳಿದ.

ವಿಲ್ಬೆರನಿಗೆ ಒಂದು ಸಾದಾ ಗಿಟಾರು ಹಿಡಿಸಿತ್ತು. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಬೇಕಾಗಿದ್ದು ಗೋಡೆಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ತೂಗುತ್ತಿತ್ತು: ಕಡುಗಪ್ಪು ಮೈ, ದನಿ ಹಿಡಿಯಲು ಮೂರು ಪಿಕಪ್, ದನಿ ಬದಲಿಸಲು ಒಂದು ಸ್ವಿಚ್ಚು, ತಿರುಗಿಸಲು ಗುಂಡಿಗಳ ಸಾಲು, ಸ್ವರವನ್ನು ನಡುಗಿಸಲು ಒಂದು ಹಿಡಿಕೆ. ಗುಂಡಿ ಹೆಚ್ಚಿದಷ್ಟೂ ಒಳಗೆ ಗಿಟಾರಿಸ್ಟರು ಹೆಚ್ಚು ಎಂದು ನನ್ನ ಲೆಕ್ಕ. ನನ್ನ ಚಕ-ಚಕ ಗಿಟಾರನ್ನು ಅಲ್ಲೇ ಬದಲಿಗೆ ಕೊಟ್ಟುಬಿಟ್ಟೆ. ಅದನ್ನು ಬಿಟ್ಟುಬರುವಾಗ ಸ್ವಲ್ಪವೂ ಬೇಜಾರಾಗಲಿಲ್ಲ, ಸುಳ್ಳೇಕೆ ಹೇಳಲಿ.

ಬಸ್ಸಿನಲ್ಲಿ ವಿಲ್ಬೆರ್ ಚೀಲದ ಮೇಲಿಂದಲೇ ಗುಂಡಿಗಳನ್ನು ಒಂದೊಂದಾಗಿ ತಡವಿ ನೋಡಿದ. ಆಮೇಲೆ, "ಭಾವ, ಇದು ಎಲ್ಲಾ ತರಾನೂ ನುಡಿಯುತ್ತೆ, ಸರಿ. ಅಪ್ಪನ ತರ ನುಡಿಯುತ್ತಾ?" ಎಂದ.

ಅಪ್ಪನಿಗಿಂತ ಚೆನ್ನಾಗಿ ಎಂದು ನಾನು ಹೇಳಿದೆ. ಅವನು ನಮ್ಮ ಸ್ಟಾಪು ಬರುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದ.

ಮನೆಗೆ ಬಂದು ಶುರು ಮಾಡಿದೆ. ರಾಗ ನುಡಿಸಿದರೆ ಚಕ-ಚಕ ಇಲ್ಲ, ಹಾಡು ಕಾಲಿಲ್ಲದಂತೆ ತೂಗಾಡುತ್ತದೆ. ಚಕ-ಚಕ ಹಿಡಿದರೆ ರಾಗ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಬೆರಳುಗಳು ಒಂದರ ಮೇಲೊಂದು ಬಿದ್ದು ಜಗಳವಾಡುತ್ತವೆ. ಸ್ವಿಚ್ಚನ್ನು ಈ ತುದಿಗೆ ತಳ್ಳಿದೆ, ಆ ತುದಿಗೆ ತಳ್ಳಿದೆ, ಎಲ್ಲ ಗುಂಡಿಗಳನ್ನೂ ತಿರುಗಿಸಿದೆ. ಗಿಟಾರು ಹತ್ತು ಜನರ ದನಿಯಲ್ಲಿ ಮಾತಾಡಿತು. ಅವರಲ್ಲಿ ನಮಗೆ ಬೇಕಾದವರು ಇರಲಿಲ್ಲ. ಪ್ರತಿ ಸಂಜೆ ಇದೇ ಆಯಿತು. ಎರ್ಲಿಂದಾ ಹಾಡಲು ಉಸಿರು ತೆಗೆದುಕೊಂಡು ಕಾಯುವಳು, ಹಾಡಿನ ಬಾಗಿಲು ಸಿಗದೆ ಉಸಿರು ಬಿಡುವಳು.

ಕೊನೆಗೆ ಒಂದು ದಿನ ಅವಳೇ ಹೇಳಿದಳು, "ಇದನ್ನ ಸಿರೇನಾಗೆ ಒಪ್ಪಿಸ್ಬೇಕಿತ್ತು ಕಣೋ. ಅಪ್ಪ ಒಪ್ಪಿಸಿದ್ರು."

ಮಾವನ ಊರು ಅಯಾಕುಚೊ ಕಡೆಯ ಬೆಟ್ಟದಲ್ಲಿ. ಅಲ್ಲಿ ಹೊಸ ವಾದ್ಯ ತಂದವರು ಅದನ್ನು ಜಲಪಾತದ ಬುಡದಲ್ಲಿಟ್ಟು ಬರುತ್ತಾರೆ. ನೀರೊಳಗಿನ ಹೆಣ್ಣು ಸಿರೇನಾ ಮೇಲೆ ಬಂದು, ತಂತಿಗೆ ತಾನೇ ಶ್ರುತಿ ಕೂಡಿಸಿ ಹೋಗುತ್ತಾಳೆ. ಇಟ್ಟವನು ಹಿಂದಿರುಗಿ ನೋಡಬಾರದು. ನೋಡಿದರೆ ತಲೆ ಕೆಡುತ್ತದೆ. ನಾನು ಲಿಮಾದಲ್ಲೇ ಹುಟ್ಟಿ ಬೆಳೆದವನು, ಜೋರಾಗಿ ನಕ್ಕೆ. ಇದು ಕರೆಂಟಿನ ವಾದ್ಯ, ನಿನ್ನ ಸಿರೇನಾಗೆ ಕರೆಂಟಿನ ಬಗ್ಗೆ ಏನು ಗೊತ್ತು ಎಂದೆ.

"ನಿನಗೇನು ಗೊತ್ತು?" ಎಂದಳು.

ನಾನು ಮತ್ತೆ ಗುಂಡಿಗಳ ಕಡೆ ತಿರುಗಿದೆ. ಅಷ್ಟಕ್ಕೂ ನಮ್ಮ ಗುಡ್ಡದಲ್ಲಿ ಜಲಪಾತ ಎಲ್ಲಿಂದ ಬರಬೇಕು? ಇಲ್ಲಿ ಮಳೆಯೇ ಬರುವುದಿಲ್ಲ, ಮಂಜು ಬರುತ್ತದೆ. ಕುಡಿಯುವ ನೀರು ಲಾರಿಯಲ್ಲಿ ಬರುತ್ತದೆ. ಗುಡ್ಡದಲ್ಲಿ ನಿಂತ ನೀರೆಂದರೆ ಪ್ರತಿ ಮನೆಯ ಮುಂದೆ ಇರುವ ನೀಲಿ ಪ್ಲಾಸ್ಟಿಕ್ ಡ್ರಮ್ಮು ಒಂದೇ.

ಹಬ್ಬಕ್ಕೆ ಇನ್ನೊಂದೇ ದಿನ ಉಳಿಯಿತು. ಅಂದು ಬೆಳಕು ಹರಿಯುವ ಮೊದಲೇ ನಾನು ಕಳ್ಳನಂತೆ ಎದ್ದು ಗಿಟಾರನ್ನು ಹೊರಗೆ ಒಯ್ದೆ. ನಕ್ಕವನೇ ಒಯ್ದೆ! ನಮ್ಮ ನೀಲಿ ಡ್ರಮ್ಮಿಗೆ ಅದನ್ನು ಒರಗಿಸಿ ನಿಲ್ಲಿಸಿದೆ. ಸಿರೇನಾಗೆ ತಂತಿ ಮುಟ್ಟಲು ಅಡ್ಡಿಯಾಗಬಾರದೆಂದು ಚೀಲ ಬಿಚ್ಚಿದೆ. ಕೋಕಾ ಎಲೆ, ಒಂದಿಷ್ಟು ಮಿಠಾಯಿ, ಮುಚ್ಚಳದ ತುಂಬ ಸೋಂಪಿನ ಸಾರಾಯಿ ಇಟ್ಟೆ. ಡ್ರಮ್ಮಿನ ಮುಂದೆ ಮಂಡಿಯೂರಿ, ತಾಯಿ, ನೀರು ಲಾರಿಯದ್ದು, ಕ್ಷಮಿಸಬೇಕು ಎಂದು ಕೇಳಿಕೊಂಡೆ. ಹಿಂದಿರುಗಿ ನೋಡದೆ ಒಳಗೆ ಬಂದು ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಸ್ವಲ್ಪ ಹೊತ್ತಿಗೆ ಹೊರಗೆ ಏನೋ ಗುಡುಗಿದಂತಾಯಿತು. ಆಮೇಲೆ ಉದ್ದನೆಯ ಒಂದು ಕೂಗು. ಅದರ ಹಿಂದೆಯೇ ನೀರು, ಧೋ ಎಂದು ಸುರಿಯುವ ನೀರು! ನನ್ನ ಮೈಯೆಲ್ಲ ಜುಮ್ಮೆಂದಿತು. ಬಂದಳು. ಈ ಒಣಗುಡ್ಡಕ್ಕೆ, ನನ್ನಂಥವನ ಮನೆ ಬಾಗಿಲಿಗೆ, ಜಲಪಾತವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಳು.

ಎರ್ಲಿಂದಾ ಕಣ್ಣುಜ್ಜುತ್ತ ಎದ್ದು ಬಂದಳು. "ಲಾರಿ ಹಾರ್ನ್ ಕೇಳಿಸ್ತಲ್ಲ. ನೀರು ಬಂತಾ?"

"ಶ್. ಹಾರ್ನ್ ಅಲ್ಲ ಅದು. ಹಾಡ್ತಿದಾಳೆ."

"ಯಾರು?"

"ನಿಮ್ಮೂರಿನವಳು. ಬಾಗಿಲು ತೆಗೀಬೇಡ, ತಲೆ ಕೆಡುತ್ತೆ."

ಅವಳು ನನ್ನ ಮುಖ ನೋಡಿದಳು. ಕೆಟ್ಟಾಗಿದೆ ಎಂದು ಅವಳಿಗೆ ಅನ್ನಿಸಿರಬೇಕು. ಅಷ್ಟರಲ್ಲಿ ಬಾಗಿಲು ದಡದಡ ಬಡಿಯಿತು. ಇದು ಪರೀಕ್ಷೆ, ತೆರೆದರೆ ಮುಗಿಯಿತು ಎಂದು ನಾನು ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎರ್ಲಿಂದಾ ನನ್ನನ್ನು ಆಲೂಗಡ್ಡೆ ಮೂಟೆಯಂತೆ ಪಕ್ಕಕ್ಕೆ ತಳ್ಳಿ ಬಾಗಿಲು ತೆಗೆದಳು.

ನೀರಿನ ಲಾರಿಯವನು ನಿಂತಿದ್ದ. ಹಬ್ಬಕ್ಕೆ ರಜೆಯೆಂದು ಮಧ್ಯಾಹ್ನದ ನೀರನ್ನು ನಸುಕಿನಲ್ಲೇ ಹಂಚುತ್ತಿದ್ದನಂತೆ. ಕತ್ತಲಲ್ಲಿ ಪೈಪನ್ನು ಡ್ರಮ್ಮಿಗೆ ಬಿಟ್ಟು ಪಕ್ಕದ ಮನೆಯವರನ್ನು ಎಬ್ಬಿಸಲು ಹೋಗಿದ್ದನಂತೆ. ಡ್ರಮ್ಮು ತುಂಬಿ, ಉಕ್ಕಿ, ಪೈಪು ಹೊರಗೆ ಬಿದ್ದು ಹಾವಿನಂತೆ ಹೊರಳಾಡಿತ್ತು. ಗಿಟಾರು ಅಂಗಾತ ಮಲಗಿತ್ತು. ಅದರ ಪ್ರತಿ ಸಂದಿಯಿಂದಲೂ ನೀರು ಇಳಿಯುತ್ತಿತ್ತು.

"ಒಳ್ಳೇ ಗಿಟಾರು, ಪಾಪ" ಎಂದ ಅವನು. "ಯಾಕಣ್ಣ ಇಲ್ಲಿ ನಿಲ್ಲಿಸಿದ್ದೆ?"

ಎರ್ಲಿಂದಾ ಕೋಕಾ ಎಲೆ ನೋಡಿದಳು, ನೀರಿನಲ್ಲಿ ತೇಲುತ್ತಿದ್ದ ಮಿಠಾಯಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಒಂದು ತುತ್ತಾದರೂ ಇಳಿಯುತ್ತಿತ್ತು.

ಇಡೀ ದಿನ ಒಣಗಿಸಿದೆವು. ತಿರುಪು ಬಿಚ್ಚಿ ಒಳಗಿನ ತಂತಿಗಳನ್ನು ಬಟ್ಟೆಯಲ್ಲಿ ಒರೆಸಿದೆವು. ಪಕ್ಕದ ಮನೆಯವಳ ಕೂದಲು ಒಣಗಿಸುವ ಯಂತ್ರ ತಂದು ಗಾಳಿ ಹಾಕಿದೆವು. ಅರ್ತೇಮಿಯೊ ಬಂದು ನೋಡಿ, ಹೆಣಕ್ಕೆ ತಲೆ ಬಾಚುತ್ತಿರುವ ಹಾಗಿದೆ ಎಂದ, ಯಾರೂ ನಗಲಿಲ್ಲ. ಸಂಜೆ ಜೋಡಿಸಿ ನುಡಿಸಿದಾಗ ಮೂರು ಪಿಕಪ್‌ಗಳಲ್ಲಿ ಒಂದೇ ಒಂದು ಬದುಕಿತ್ತು. ಸ್ವಿಚ್ಚನ್ನು ಎತ್ತ ತಳ್ಳಿದರೂ ಅದೇ ದನಿ, ಕಂಬಳಿಯೊಳಗಿಂದ ಕೂಗಿದಂಥದು. ಎಲ್ಲ ತರದಲ್ಲೂ ನುಡಿಯಬೇಕಾಗಿದ್ದ ಗಿಟಾರು ಒಂದು ತರಕ್ಕೆ ಬಂದು ನಿಂತಿತ್ತು.

"ನಾಳೆ ಅಪ್ಪನ ರಾಗ ಬರುತ್ತಾ?" ಎಂದು ಎರ್ಲಿಂದಾ ಕೇಳಿದಳು.

ಬರುತ್ತೆ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ, ನನಗೆ ಕೇಳುವ ಧೈರ್ಯ ಬರಲಿಲ್ಲ.

ಮರುದಿನ ಸ್ಮಶಾನದ ಗುಡ್ಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮಾವನ ಸಮಾಧಿಯ ಮೇಲಿನ ಧೂಳು ಒರೆಸಿ ಹಳದಿ ಹೂವು ಇಟ್ಟೆವು. ಅವರಿಗೆ ಇಷ್ಟವಾದ ಕೋಳಿ, ಮಗುವಿನ ಆಕಾರದ ಸಿಹಿ ಬ್ರೆಡ್ಡು, ನೇರಳೆ ಜೋಳದ ಪಾಯಸ ಬಡಿಸಿದೆವು. ಮೊದಲ ಗುಟುಕು ಬಿಯರನ್ನು ಮಣ್ಣಿಗೆ ಹಾಕಿದೆವು. ಸ್ಪೀಕರಿಗೆ ಕಾರಿನ ಬ್ಯಾಟರಿ ಸಿಕ್ಕಿಸಿ ವಿಲ್ಬೆರ್ ನನ್ನ ಕಡೆ ನೋಡಿದ. ಪರಿಚಯದವರೆಲ್ಲ ತಮ್ಮ ಸಮಾಧಿಗಳನ್ನು ಬಿಟ್ಟು ನಮ್ಮ ಸುತ್ತ ಬಂದು ನಿಂತರು. ಅವರೂ ಆ ರಾಗಕ್ಕಾಗಿಯೇ ಬಂದವರು.

ನಾನು ಶುರು ಮಾಡಿದೆ. ಮಾವನ ರಾಗ ನನ್ನ ಬೆರಳಿನಿಂದ ಹೊರಟು, ಗಿಟಾರಿನೊಳಗೆ ಕೆಸರಲ್ಲಿ ಹೂತುಹೋಯಿತು. ಆಚೆ ಸಾಲಿನಲ್ಲಿ ಯಾರದೋ ಕಹಳೆ ನನ್ನನ್ನು ನುಂಗಿಹಾಕಿತು. ಬೆನ್ನಿಗೆ ಚಕ-ಚಕ ಇಲ್ಲದೆ ಅರ್ತೇಮಿಯೊನ ತಾಳ ಒಂದು ಕಡೆ, ವಿಲ್ಬೆರನ ಬಾಸ್ ಇನ್ನೊಂದು ಕಡೆ ಹೋದವು. ಎರ್ಲಿಂದಾ ಉಸಿರು ತೆಗೆದುಕೊಂಡು ಬಾಯಿ ತೆರೆದಳು, ಹಾಡಿನ ಬಾಗಿಲು ಸಿಗಲಿಲ್ಲ, ಬಾಯಿ ಮುಚ್ಚಿದಳು. ಮತ್ತೆ ಶುರು ಮಾಡಿದೆ. ಮತ್ತೆ ಹಾಗೆಯೇ ಆಯಿತು. ಸಮಾಧಿಯ ಕಡೆ ಕಣ್ಣೆತ್ತಲು ನಾಚಿಕೆಯಾಯಿತು, ಮಾವ ಎದುರಿಗೇ ಕೂತು ನೋಡುತ್ತಿದ್ದಾರೆ ಎನ್ನುವ ಹಾಗೆ.

ಎರ್ಲಿಂದಾ ಹತ್ತಿರ ಬಂದು ನನ್ನ ತೋಳು ಹಿಡಿದಳು. ಮೈಕನ್ನು ಬೆನ್ನ ಹಿಂದೆ ಹಿಡಿದುಕೊಂಡು ನನಗೊಬ್ಬನಿಗೇ ಕೇಳುವಂತೆ ಹೇಳಿದಳು.

"ಫ್ರೊಯ್ಲಾನ್, ನೀನು ನಿನ್ನದು ನುಡಿಸು. ಅಪ್ಪನದನ್ನ ಅಪ್ಪ ನೋಡ್ಕೋತಾರೆ."

ನಾನು ಚಕ-ಚಕ ಹಿಡಿದೆ. ಆ ಒದ್ದೆ ಗಿಟಾರಿಗೆ ಅದೊಂದು ಬರುತ್ತಿತ್ತು, ನನಗೂ ಅದೊಂದೇ ಬರುತ್ತಿದ್ದದ್ದು. ತಾಳ ಬಂದು ಸೇರಿಕೊಂಡಿತು, ಬಾಸ್ ಬಂದು ಕೂಡಿಕೊಂಡಿತು. ರಾಗ ಇರಬೇಕಾದ ಜಾಗವನ್ನು ಹಾಗೆಯೇ ಬಿಟ್ಟೆವು, ಯಾರೂ ತುಂಬಲಿಲ್ಲ. ಸುತ್ತ ನಿಂತವರು ಮಾತು ನಿಲ್ಲಿಸಿದರು. ಎದುರಿನ ಮುದುಕಿಯ ತುಟಿ ಅಲುಗುತ್ತಿತ್ತು. ಆ ರಾಗ ಯಾರಿಗೆ ಗೊತ್ತಿರಲಿಲ್ಲ? ಅದು ಎಲ್ಲರ ಕಿವಿಯೊಳಗೆ ತಾನೇ ಏರಿತು, ತಿರುಗಿತು, ಇಳಿಯಿತು. ಇಳಿದ ಜಾಗಕ್ಕೆ ಸರಿಯಾಗಿ, ಕೂದಲೆಳೆಯೂ ತಪ್ಪದೆ, ಎರ್ಲಿಂದಾ ಹಾಡಿನೊಳಗೆ ಕಾಲಿಟ್ಟಳು. ಹಾಡುತ್ತ ಹಾಡುತ್ತ ಅವಳ ಕೆನ್ನೆಯ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ನನಗೂ ಕಣ್ಣು ಕಾಣದಾಯಿತು.

ಚಿಚಾದಲ್ಲಿ ಹಾಡಿನ ನಡುವೆ ನುಡಿಸುವವರ ಹೆಸರು ಕೂಗುವ ವಾಡಿಕೆ. ಎರ್ಲಿಂದಾ ಎರಡನೇ ಚರಣಕ್ಕೆ ಮೊದಲು ಮೈಕನ್ನು ತಮ್ಮನ ಬಾಯಿಗೆ ಹಿಡಿದಳು. ವಿಲ್ಬೆರ್ ಹಾಡುಗಾರ್ತಿಯ ಹೆಸರು ಕೂಗಿದ, ತಾಳದವನ ಹೆಸರು ಕೂಗಿದ. ಆಮೇಲೆ ಸಮಾಧಿಯ ಕಡೆ ತಿರುಗಿದ.

"ಮೊದಲನೇ ಗಿಟಾರು, ಡೊನ್ ಸತುರ್ನಿನೊ!"

ಎಲ್ಲರೂ ಲೋಟ ಎತ್ತಿದರು. ನಾನು ಕೈ ನಿಲ್ಲಿಸಲಿಲ್ಲ.

"ಎರಡನೇ ಗಿಟಾರು, ನಮ್ಮ ಭಾವ ಫ್ರೊಯ್ಲಾನ್."

ಇಡೀ ಬ್ಯಾಂಡಿಗೆ ಇರುವವನು ನಾನೊಬ್ಬನೇ ಗಿಟಾರಿಸ್ಟ್. ಅಲ್ಲೂ ಎರಡನೆಯವನಾದೆ. ತಲೆ ಬಗ್ಗಿಸಿ, ಚಕ-ಚಕ ಎಂದೆ.